ಚಗಳಿ ಕಚ್ಚದ ಕೈ

ಡಿಸೆಂಬರ್ 9, 2025, ಮಂಗಳವಾರ

ಹೊಸ ರಿಜಿಸ್ಟರ್ ಬಂದಿದೆ. ಮನೆಮನೆಗೆ ಹೋಗಿ ಕುಷ್ಠರೋಗ ಪತ್ತೆ ಮಾಡುವ ಸಮೀಕ್ಷೆ. ನನ್ನ ಉಪಕೇಂದ್ರಕ್ಕೆ ಇನ್ನೂರ ಹನ್ನೆರಡು ಮನೆ, ಅದರಲ್ಲಿ ಕಬ್ಬಿನಗದ್ದೆ ಎಂಬ ಕಾಫಿ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಗಳೇ ಅರವತ್ತು. ಪ್ರತಿಯೊಬ್ಬರ ಚರ್ಮ ನೋಡಬೇಕು. ಮಚ್ಚೆ ಕಂಡರೆ ಅಲ್ಲಿ ಸ್ಪರ್ಶ ಇದೆಯೋ ಇಲ್ಲವೋ ಪರೀಕ್ಷಿಸಬೇಕು. ಕೊನೆಯ ಕಾಲಂನಲ್ಲಿ ‘ಪರೀಕ್ಷಿಸಿದವರು’ ಎಂದು ಹೆಸರು ಬರೆಯಬೇಕು. ತಿರುಗಬೇಕಾದ ಆಶಾ ಕಾರ್ಯಕರ್ತೆ ಹೆರಿಗೆಗೆ ತವರಿಗೆ ಹೋಗಿದ್ದಾಳೆ. ಹಾಗಾಗಿ ಎಲ್ಲವೂ ಸತ್ಯವತಿ ಸಿಸ್ಟರ್ ಎಂಬ ನನ್ನ ತಲೆಗೆ.

ದೂರಿಕೊಳ್ಳಲು ಯಾರಿದ್ದಾರೆ? ಅದಕ್ಕೇ ಈ ಡೈರಿ. ಅಮ್ಮ ಇದ್ದಾಗ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಎಲ್ಲ ಹೇಳಿ ಮುಗಿಸುತ್ತಿದ್ದೆ. ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. ನಾನು ಗೋಣಿಬೀಡಿನ ಈ ಕಡೆಗೆ ವರ್ಗವಾಗಿ ಬಂದು ನಾಲ್ಕು. ಈ ಕ್ವಾರ್ಟರ್ಸಿನ ಗೋಡೆಗಳು ಕೇಳಿದ ನನ್ನ ಮಾತೆಂದರೆ ಹಾಲು ಉಕ್ಕಿದಾಗ ಬೈದುಕೊಂಡದ್ದು ಮಾತ್ರ.

ಡಿಸೆಂಬರ್ 11, ಗುರುವಾರ

ಟ್ರಂಕಿನ ತಳದಿಂದ ನರ್ಸಿಂಗ್ ಓದುವಾಗಿನ ನೋಟ್ಸ್ ತೆಗೆದೆ. ಮೂವತ್ತು ವರ್ಷದ ಹಿಂದೆ ನನ್ನ ಅಕ್ಷರ ಎಷ್ಟು ದುಂಡಗಿತ್ತು! ‘ಚರ್ಮದ ಕೆಲಸಗಳು: ದೇಹಕ್ಕೆ ರಕ್ಷಣೆ, ಶಾಖದ ಹತೋಟಿ, ಬೆವರು, ಬಿಸಿಲಿನಿಂದ ವಿಟಮಿನ್ ಡಿ, ಸ್ಪರ್ಶಜ್ಞಾನ.’ ಮುಂದಿನ ಪುಟ ವಯಸ್ಸಾದವರ ಚರ್ಮದ್ದು. ತೆಳುವಾಗುತ್ತದೆ, ಒಣಗುತ್ತದೆ, ಬೆವರು ಕಡಿಮೆಯಾಗುತ್ತದೆ, ಗಾಯ ನಿಧಾನಕ್ಕೆ ಮಾಯುತ್ತದೆ, ಸ್ಪರ್ಶ ಮಂದವಾಗುತ್ತದೆ. ಬರೆದಾಗ ನನಗೆ ಇಪ್ಪತ್ತೆರಡು, ಯಾರದೋ ಕಥೆ ಎಂಬಂತೆ ಬರೆದಿದ್ದೇನೆ. ಈಗ ಐವತ್ತೆರಡು. ಒಂದೊಂದು ಸಾಲಿಗೂ ಹೌದು ಹೌದು ಅಂದುಕೊಂಡೆ.

ಅಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಬೆನ್ನಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಒರೆಸಿ, ಒಂದೇ ಒಂದು ಹಾಸಿಗೆ ಹುಣ್ಣು ಆಗಲು ಬಿಡಲಿಲ್ಲ. ನನ್ನ ಇಡೀ ಸರ್ವಿಸಿನಲ್ಲಿ ಇದೇ ದೊಡ್ಡ ಕೆಲಸ, ಇದಕ್ಕೆ ಯಾವ ರಿಜಿಸ್ಟರೂ ಇಲ್ಲ.

ಡಿಸೆಂಬರ್ 14, ಭಾನುವಾರ

ಎಣ್ಣೆ ಸ್ನಾನ. ಕೈ ಎಟುಕುವಷ್ಟಕ್ಕೆ ಮಾತ್ರ ಎಣ್ಣೆ. ಅಮ್ಮ ಹಾಸಿಗೆ ಹಿಡಿದ ಮೇಲೂ ಭಾನುವಾರ ನನ್ನನ್ನು ಮಂಚದ ಪಕ್ಕ ನೆಲದಲ್ಲಿ ಕೂರಿಸಿಕೊಂಡು ಬೆನ್ನಿಗೆ, ತೋಳಿನ ಹಿಂಭಾಗಕ್ಕೆ ಎಣ್ಣೆ ಹಚ್ಚುತ್ತಿದ್ದಳು. “ಇಲ್ಲಿ ಏನೇ ಇದು ಗೀರು” ಎಂದು ಒಂದೊಂದು ಗೀರಿಗೂ ಲೆಕ್ಕ ಕೇಳುತ್ತಿದ್ದಳು. ದಿನಕ್ಕೆ ಮೂವತ್ತು ಜನರನ್ನು ಗ್ಲೌಸ್ ಹಾಕಿಕೊಂಡು ಮುಟ್ಟುತ್ತೇನೆ. ನನ್ನನ್ನು ಮುಟ್ಟಿದವರು ಯಾರು ಎಂದು ಯೋಚಿಸಿದರೆ ಬಸ್ಸಿನಲ್ಲಿ ಟಿಕೆಟ್ ಕೊಡುವ ಕಂಡಕ್ಟರ್ ಬಿಟ್ಟು ಬೇರೆ ಹೆಸರು ನೆನಪಾಗಲಿಲ್ಲ.

ಎಣ್ಣೆ ಬಟ್ಟಲು ಎಡಗೈಯಿಂದ ಜಾರಿ ಬಿತ್ತು. ಈ ತಿಂಗಳಲ್ಲಿ ಇದು ಮೂರನೆಯ ಪಾತ್ರೆ.

ಡಿಸೆಂಬರ್ 17, ಬುಧವಾರ

ಕಬ್ಬಿನಗದ್ದೆಗೆ ಹೋದೆ. ಕೊಯ್ಲಿನ ಹೊತ್ತು, ಲೈನಿನಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ. ಮೇಸ್ತ್ರಿ ಬೆಳ್ಳಿಯಪ್ಪ ತೋಟಕ್ಕೇ ಕರೆದುಕೊಂಡು ಹೋದರು. ಹೆಂಗಸರೆಲ್ಲ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿಕೊಂಡು ಕಾಫಿ ಹಣ್ಣು ಬಿಡಿಸುತ್ತಿದ್ದರು. ಚರ್ಮ ನೋಡಲು ಹೋದವಳಿಗೆ ಕಂಡದ್ದು ಬರೀ ಅಂಗಿ.

ಒಂದು ಸಾಲಿಗೆ ಯಾರೂ ಇಳಿದಿರಲಿಲ್ಲ. ಗಿಡದ ಎಲೆಗಳನ್ನು ಹೊಲಿದು ಚಗಳಿಗಳು ಗೂಡು ಕಟ್ಟಿದ್ದವು. ಆ ಕೆಂಪಿರುವೆ ಕಚ್ಚಿದರೆ ಎಂಥವರೂ ಕುಣಿಯಬೇಕು. ಬೆಳ್ಳಿಯಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು: “ಮುತ್ತಮ್ಮಾ! ಚಗಳಿ ಗಿಡ!”

ನಲವತ್ತರ ಆಸುಪಾಸಿನ ಹೆಂಗಸು, ನಗುತ್ತಾ ಬಂದವಳೇ ಬಲಗೈಯನ್ನು ಗೂಡಿನ ಪಕ್ಕದ ಕೊಂಬೆಗೇ ಹಾಕಿದಳು. ಇರುವೆಗಳು ಅಂಗಿಯ ತೋಳಿನೊಳಗೆ ನುಗ್ಗಿದವು. ಅವಳು ಮುಖ ಕಿವುಚಲಿಲ್ಲ.

“ಅವ್ಳ ಬಲಗೈಗೆ ಚಗಳಿ ಕಚ್ಚಲ್ಲ ಸಿಸ್ಟರೇ,” ಬೆಳ್ಳಿಯಪ್ಪನ ಮುಖದಲ್ಲಿ ಹೆಮ್ಮೆ. “ಎಂಥದೋ ಸೊಪ್ಪಿನ ರಸ ಹಚ್ತಾಳೆ ಅಂತಾರೆ. ಎರಡು ವರ್ಷದಿಂದ ಚಗಳಿ ಸಾಲೆಲ್ಲ ಅವ್ಳಿಗೇ ಬಿಟ್ಟಿದೀವಿ ಮಾರಾಯ್ರೆ.”

ಚಗಳಿ ಕಚ್ಚದ ಕೈ ಎಂಬುದು ಲೋಕದಲ್ಲಿಲ್ಲ. ಕಚ್ಚಿದ್ದು ಗೊತ್ತಾಗದ ಕೈ ಇದೆ. ಅವಳ ಅಂಗಿಯ ತೋಳು ಮಡಿಸಿ ನೋಡಬೇಕು, ಆದರೆ ಅಷ್ಟು ಜನರ ಎದುರಿಗಲ್ಲ. ಹತ್ತಿರದಿಂದ ನೋಡಲು ಕೊಂಬೆ ಸರಿಸಿದೆ, ನನ್ನ ಎರಡೂ ಕೈಗೂ ಹತ್ತಿಕೊಂಡವು. ನಾನು ಕುಣಿದದ್ದನ್ನು ನೋಡಿ ಸಾಲಿನವರೆಲ್ಲ ನಕ್ಕರು.

ಡಿಸೆಂಬರ್ 18, ಗುರುವಾರ

ಬಲಗೈ ಇನ್ನೂ ಉರಿಯುತ್ತಿದೆ, ಪೆನ್ನು ಹಿಡಿಯಲು ಕಷ್ಟ. ಎಡಗೈ ಪರವಾಗಿಲ್ಲ. ವಾಚಿನ ಪಟ್ಟಿ ತಡೆದಿರಬೇಕು.

ಡಿಸೆಂಬರ್ 22, ಸೋಮವಾರ

ಸಂಜೆ ಮುತ್ತಮ್ಮನ ಮನೆಗೆ ಹೋದೆ. ಅವಳು ಮತ್ತು ಕಿವಿ ಕೇಳದ ಅತ್ತೆ, ಇಬ್ಬರೇ. ಬಾಗಿಲು ಓರೆ ಮಾಡಿ ಅಂಗಿ ತೆಗೆಸಿದೆ. ಬಲ ಮುಂಗೈಯ ಮೇಲೆ ಅಂಗೈಯಗಲದ ತಿಳಿ ಮಚ್ಚೆ, ಕೂದಲಿಲ್ಲ, ಬೆವರಿಲ್ಲ.

“ಇದು ಚಿಬ್ಬು ಸಿಸ್ಟರಮ್ಮ. ಎಲ್ರಿಗೂ ಬರ್ತದೆ.”

“ಚಿಬ್ಬಾದ್ರೆ ಕೆರೆದಾಗ ಹೊಟ್ಟು ಏಳ್ಬೇಕು. ಕಣ್ಣು ಮುಚ್ಚು. ಹತ್ತಿಯಿಂದ ಮುಟ್ತೀನಿ, ಮುಟ್ಟಿದ ಕಡೆ ಬೆರಳಿಟ್ಟು ತೋರ್ಸು.”

ಭುಜ ಮುಟ್ಟಿದೆ, ತೋರಿಸಿದಳು. ಎಡಗೈ ಮುಟ್ಟಿದೆ, ತೋರಿಸಿದಳು. ಮಚ್ಚೆಯ ಮೇಲೆ ಐದು ಸಲ ಮುಟ್ಟಿದೆ. ಅವಳು ಕಣ್ಣು ಮುಚ್ಚಿ, ಬೆರಳು ಎತ್ತಿ ಹಿಡಿದು, ಸ್ಕೂಲಿನ ಹುಡುಗಿಯ ಹಾಗೆ ಕಾಯುತ್ತಾ ಕೂತಿದ್ದಳು.

“ಯಾಕೆ ನಿಲ್ಸಿದ್ರಿ? ಮುಟ್ಟಿ,” ಅಂದಳು.

ಹತ್ತಿ ಕೆಳಗಿಟ್ಟು ಅವಳ ತೋಳು ಹಿಡಿದೆ. ಮೊಣಕೈ ಹಿಂದಿನ ನರ ಹಗ್ಗದ ಹಾಗೆ ದಪ್ಪವಾಗಿತ್ತು. ಇದು ಕುಷ್ಠ, ಮಾತ್ರೆ ಬಿಟ್ಟಿ ಸಿಗುತ್ತದೆ, ಪೂರ್ತಿ ವಾಸಿಯಾಗುತ್ತದೆ, ಈಗ ಶುರು ಮಾಡಿದರೆ ಬೆರಳು ಉಳಿಯುತ್ತದೆ, ತಡವಾದರೆ ಕೊಕ್ಕೆಯ ಹಾಗೆ ಮಡಚಿಕೊಂಡು ಹಾಗೇ ನಿಲ್ಲುತ್ತದೆ ಎಂದೆಲ್ಲ ಹೇಳಿದೆ. ಮೊದಲ ಪದದ ಆಚೆಗೆ ಅವಳಿಗೆ ಏನೂ ಕೇಳಿಸಲಿಲ್ಲ. ಅಂಗಿ ತೊಟ್ಟು ಗುಂಡಿ ಹಾಕಿಕೊಂಡು, “ನಿಮ್ಗೆ ಕಣ್ಣು ಸರಿ ಕಾಣಲ್ಲ. ನನಗೆ ಚಿಬ್ಬು, ಅಷ್ಟೇ,” ಅಂದಳು.

ಹೊರಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಶಿಧರ್ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. “ಯಾರಿಗಾದ್ರೂ ಇದ್ರೆ ಹೇಳ್ಬಿಡಿ ಸಿಸ್ಟರ್, ಲೈನಿಂದ ಬಿಡಿಸ್ಬೇಕಾಗ್ತದೆ.” ಹೆಸರು ಹೇಳುವುದು ನನ್ನ ಕೆಲಸವಲ್ಲ, ಮಾತ್ರೆ ಶುರುವಾದರೆ ಯಾರಿಂದ ಯಾರಿಗೂ ಹರಡುವುದಿಲ್ಲ, ಬಿಡಿಸುವ ಮಾತು ಇನ್ನೊಮ್ಮೆ ಆಡಿದರೆ ಮೂಡಿಗೆರೆ ಡಾಕ್ಟರಿಗೆ ಬರೆಯುತ್ತೇನೆ ಎಂದೆ. ಸಿಟ್ಟಿನಲ್ಲಿ ನಡೆದೇ ಬಂದುಬಿಟ್ಟೆ, ಮೂರು ಕಿಲೋಮೀಟರ್.

ಡಿಸೆಂಬರ್ 24, ಬುಧವಾರ

ತಪ್ಪು ಮಾಡಿದೆ. ಗಾಯದ ಮೇಲೆ ಗಾಯ ಆಗಬಾರದೆಂದು ಬೆಳ್ಳಿಯಪ್ಪನಿಗೆ, ಮುತ್ತಮ್ಮನನ್ನು ಚಗಳಿ ಗಿಡಕ್ಕೆ ಕಳಿಸಬೇಡಿ, ಅಲರ್ಜಿ ಆಗುತ್ತದೆ ಎಂದು ಹೇಳಿದ್ದೆ. ಇವತ್ತು ಅವಳು ಕೆಲಸ ಬಿಟ್ಟವಳೇ ನೇರ ಇಲ್ಲಿಗೆ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತೇ ಬೈದಳು.

“ನನ್ ಸಾಲು ತೆಗ್ಸಿದ್ರಲ್ಲ! ಇಡೀ ತೋಟದಲ್ಲಿ ಮೇಸ್ತ್ರಿ ನನ್ನ ಹೆಸರು ಹಿಡಿದು ಕೂಗೋದು ಅದೊಂದಕ್ಕೇ. ಬೇರೆ ಯಾರೂ ಯಾತಕ್ಕೂ ನನ್ನ ಕರೆಯಲ್ಲ ಸಿಸ್ಟರಮ್ಮ. ನಿಮ್ಗೆ ಅದೆಲ್ಲ ಏನು ಗೊತ್ತು.”

ಗೊತ್ತು ಎನ್ನಬೇಕೆನಿಸಿತು. ಒಳಗೆ ಬಾ ಎನ್ನುವಷ್ಟರಲ್ಲಿ ಹೋಗಿಬಿಟ್ಟಳು. ಮಾಡಿದ ಚಪಾತಿ ಹಾಗೇ ಉಳಿಯಿತು.

ಡಿಸೆಂಬರ್ 29, ಸೋಮವಾರ

ಬಂದಳು! ಹಿಂಬಾಗಿಲಿಂದ. ಸ್ಟೂಲಿನ ಮೇಲೆ ಕೂತು ಬಲಗೈ ಮುಂದೆ ಚಾಚಿದಳು.

“ಹಣ್ಣು ಕೈಯಲ್ಲಿ ನಿಲ್ತಿಲ್ಲ. ಕಿರುಬೆರಳಿನ ಸಂದಿಯಿಂದ ಉದುರ್ತದೆ. ನಿನ್ನೆಯಿಂದ ನೋಡ್ತಿದೀನಿ.”

ಕಿರುಬೆರಳು, ಉಂಗುರದ ಬೆರಳು ಎರಡೂ ಸ್ವಲ್ಪ ಬಾಗಿದ್ದವು.

“ಕೈ ಉಳೀತದಾ ಸಿಸ್ಟರಮ್ಮ?”

“ಈಗ ಬಂದಿದ್ದಕ್ಕೆ ಉಳೀತದೆ.”

“ಯಾರಿಗೂ?”

“ಯಾರಿಗೂ ಹೇಳಲ್ಲ.”

ಅವಳಿಗೆ ಕಾಫಿ ಕೊಟ್ಟೆ. ಇನ್ನೊಂದು ಲೋಟ ಹುಡುಕಲು ಡಬ್ಬ ಬಿಚ್ಚಬೇಕಾಯಿತು. ಬಂದಾಗಿನಿಂದ ಒಂದೇ ಲೋಟದಲ್ಲಿ ನಡೆದಿದೆ ಎಂದು ಆಗ ಗೊತ್ತಾಯಿತು.

ಡಿಸೆಂಬರ್ 31, ಬುಧವಾರ

ಮೂಡಿಗೆರೆಗೆ ಇಬ್ಬರೂ ಹೋಗಿ ಬಂದೆವು. ಡಾಕ್ಟರ್ ನೋಡಿ ಹೌದೆಂದರು. ಮಾತ್ರೆಯ ಜೊತೆಗೆ ನರದ ಬಾವು ಇಳಿಯಲು ಬೇರೆ ಔಷಧಿ, ಬೆರಳಿಗೆ ವ್ಯಾಯಾಮ. ಬೆರಳಿನ ಬಲ ಕುಗ್ಗಿ ಆರು ತಿಂಗಳೊಳಗೆ ಬಂದರೆ ಬಹಳಷ್ಟು ಮರಳುತ್ತದೆ ಎಂದರು. ಬರುವಾಗ ಬಸ್ಸಿನಲ್ಲಿ ಮುತ್ತಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಗೋಣಿಬೀಡಿನವರೆಗೂ ನಾನು ಅಲುಗಾಡಲಿಲ್ಲ.

ಜನವರಿ 2, 2026, ಶುಕ್ರವಾರ

ಮೊದಲ ಡೋಸ್ ನನ್ನೆದುರೇ ನುಂಗಿದಳು. ಉಳಿದದ್ದು ಇಪ್ಪತ್ತೆಂಟು ದಿನದ ಮಾತ್ರೆ ಪಟ್ಟಿಯಲ್ಲಿ. ಮೂತ್ರ ಕೆಂಪಗಾಗುತ್ತದೆ, ಹೆದರಬೇಡ. ಚರ್ಮ ಕಪ್ಪಾಗುತ್ತದೆ, ಒಣಗುತ್ತದೆ, ನೀರಿನಲ್ಲಿ ನೆನೆಸಿ ಕೊಬ್ಬರಿ ಎಣ್ಣೆ ಹಚ್ಚು. ಬಿಸಿ ಪಾತ್ರೆಗೆ ಬಟ್ಟೆ ಇಲ್ಲದೆ ಕೈ ಹಾಕಬೇಡ. ದಿನಾ ಸಂಜೆ ಬೆಳಕಿನಲ್ಲಿ ಕೂತು ಕೈ ತಿರುಗಿಸಿ ನೋಡು, ಸುಟ್ಟಿದ್ದು, ಕೊಯ್ದದ್ದು ನೋವಿನಿಂದ ಗೊತ್ತಾಗುವುದಿಲ್ಲ, ಕಣ್ಣಿನಿಂದಲೇ ಗೊತ್ತಾಗಬೇಕು. ಎಲ್ಲವನ್ನೂ ಅವಳಿಂದ ಎರಡು ಸಲ ಹೇಳಿಸಿದೆ. ನಾನು ಹೇಳಿದ ಹಾಗೇ, ನನ್ನದೇ ದನಿಯಲ್ಲಿ ಅಣಕಿಸಿ ಒಪ್ಪಿಸಿದಳು, ಕೋತಿ.

ಜನವರಿ 3, ಶನಿವಾರ

ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದಳು. “ಸಿಸ್ಟರಮ್ಮ, ಕೆಂಪಗೆ!” ಹೇಳಿದ್ದೆನಲ್ಲ ಎಂದರೆ, “ಹೇಳಿದ್ರಿ, ಇಷ್ಟು ಕೆಂಪು ಅಂತ ಹೇಳಿರ್ಲಿಲ್ಲ,” ಅಂದಳು. ನಕ್ಕು ನಕ್ಕು ಹೊಟ್ಟೆ ನೋವು ಬಂತು. ಕೊನೆಗೆ ಹಾಗೆ ನಕ್ಕದ್ದು ಯಾವಾಗ ಎಂದು ನೆನಪಿಲ್ಲ.

ಜನವರಿ 12, ಸೋಮವಾರ

ಸ್ನಾನ ಮಾಡುವಾಗ ನೋಡಿದರೆ ಎಡಗೈಯ ಕಿರುಬೆರಳಿನಲ್ಲಿ ಬೊಕ್ಕೆ. ನಿನ್ನೆ ಹಾಲಿನ ಪಾತ್ರೆ ಇಳಿಸುವಾಗ ತಾಗಿರಬೇಕು. ಮುಲಾಮು ಹಚ್ಚಿದೆ. ವಯಸ್ಸಾದಂತೆ ಸ್ಪರ್ಶ ಮಂದವಾಗುತ್ತದೆ, ನೋಟ್ಸಿನಲ್ಲೇ ಇದೆ.

ಸಮೀಕ್ಷೆಯಲ್ಲಿ ಇನ್ನು ನಲವತ್ತು ಮನೆ ಬಾಕಿ. ಇಲ್ಲಿಯವರೆಗೆ ಹುಳುಕಡ್ಡಿ ಹದಿನೆಂಟು, ಕಜ್ಜಿ ಹನ್ನೊಂದು, ನಿಜವಾದ ಚಿಬ್ಬು ಲೆಕ್ಕವಿಲ್ಲದಷ್ಟು. ಕುಷ್ಠ ಒಂದೇ.

ಜನವರಿ 15, ಗುರುವಾರ, ಸಂಕ್ರಾಂತಿ

ಎಳ್ಳು ಬೀರಲು ಯಾರೂ ಬರುವುದಿಲ್ಲವೆಂದು ಮಾಡಿಯೇ ಇರಲಿಲ್ಲ. ಸಂಜೆ ಮುತ್ತಮ್ಮ ಬಂದಳು. ತಂದದ್ದು ಎಳ್ಳಲ್ಲ, ಚಗಳಿ ಚಟ್ನಿ! “ನನ್ ಸಾಲು ಕಿತ್ಕೊಂಡ್ವಲ್ಲ, ಅದಕ್ಕೆ ಅವನ್ನೇ ಅರೆದ್ಹಾಕ್ದೆ.” ಮಡಿಯ ಮನೆಯಲ್ಲಿ ಹುಟ್ಟಿದವಳು ನಾನು, ಇರುವೆ ಚಟ್ನಿ ನಾಲಿಗೆಗೆ ಇಟ್ಟವಳಲ್ಲ. ಅವಳು ನನ್ನ ಬಾಯನ್ನೇ ನೋಡುತ್ತಾ ಕೂತಿದ್ದಳು. ಬೇಡವೆಂದರೆ ಯಾವ ಕಾರಣಕ್ಕೆ ಅಂದುಕೊಂಡಾಳೋ ಎಂದು ಹೆದರಿ ಬೆರಳಿನಿಂದ ತೆಗೆದು ತಿಂದೆ. ಹುಳಿ, ಖಾರ. ಚೆನ್ನಾಗಿಯೇ ಇತ್ತು. ಅಮ್ಮ, ಕ್ಷಮಿಸು.

ಅವಳು ಕಿರುಬೆರಳನ್ನು ಮೊದಲಿಗಿಂತ ನೆಟ್ಟಗೆ ಚಾಚಿ ತೋರಿಸಿದಳು.

ಜನವರಿ 27, ಮಂಗಳವಾರ

ರಿಜಿಸ್ಟರ್ ಮುಗಿಯಿತು. ಇನ್ನೂರ ಹನ್ನೆರಡನೆಯ ಮನೆ ಈ ಕ್ವಾರ್ಟರ್ಸೇ. ಮುಖ್ಯಸ್ಥರು: ಸತ್ಯವತಿ. ಸದಸ್ಯರು: 1. ಪರೀಕ್ಷೆಗೊಳಗಾದವರು: 1. ಮಚ್ಚೆ: ಇಲ್ಲ. ಪರೀಕ್ಷಿಸಿದವರು: ಸತ್ಯವತಿ. ಕೂತ ಜಾಗದಿಂದ ಏಳದೆ ಅರ್ಧ ನಿಮಿಷದಲ್ಲಿ ತುಂಬಿದೆ.

ಜನವರಿ 30, ಶುಕ್ರವಾರ

ಕುಷ್ಠರೋಗ ವಿರೋಧಿ ದಿನ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪ್ರತಿಜ್ಞೆ ಬೋಧಿಸಿದೆ. ಯಾರನ್ನೂ ದೂರ ಇಡುವುದಿಲ್ಲ, ಲಕ್ಷಣ ಕಂಡರೆ ಮುಚ್ಚಿಡುವುದಿಲ್ಲ. ಮಕ್ಕಳು ಗಟ್ಟಿಯಾಗಿ ಹೇಳಿದರು.

ಸಂಜೆ ಮುತ್ತಮ್ಮ ಎರಡನೇ ಪಟ್ಟಿಗೆ ಬಂದಳು. ನೀರಿನ ಲೋಟ ಕೊಡುವಾಗ ನನ್ನ ಕೈಯನ್ನೇ ಹಿಡಿದುಕೊಂಡಳು.

“ಸಿಸ್ಟರಮ್ಮ, ಈ ಬೆರಳು ಯಾವಾಗ ಸುಟ್ಟಿದ್ದು?”

“ಯಾವಾಗ್ಲೋ. ಹಾಲಿನ ಪಾತ್ರೆ.”

“ಇದು ಹಳೇದಲ್ಲ. ಇಲ್ಲೊಂದು, ಇಲ್ಲೊಂದು. ಉರೀಲಿಲ್ವಾ?”

“ವಯಸ್ಸಾಯ್ತು, ಅಷ್ಟೇ. ಮಾತ್ರೆ ನುಂಗು.”

“ಅವತ್ತು ಚಗಳಿ ಹತ್ತಿದಾಗ ನೀವು ಬಲಗೈ ಮಾತ್ರ ಒದರಿದ್ರಿ. ನಾನು ನೋಡಿದ್ದೆ. ಆಗ ತಿಳೀಲಿಲ್ಲ.”

ನನಗೆ ಕೆಟ್ಟ ಸಿಟ್ಟು ಬಂತು. ಒಂದು ತಿಂಗಳು ಮಾತ್ರೆ ನುಂಗಿದ ಮಾತ್ರಕ್ಕೆ ಡಾಕ್ಟರ್ ಆಗಿಬಿಟ್ಟೆಯಾ ಎಂದೆ. ಅವಳು ಮಾತ್ರೆ ನುಂಗಿ, ಲೋಟ ತೊಳೆದಿಟ್ಟು ಹೋದಳು.

ಜನವರಿ 31, ಶನಿವಾರ

ಬರೆಯುವಂಥದ್ದು ಏನೂ ಇಲ್ಲ. ಬಿಸಿನೀರು ಇಳಿಸುವಾಗ ಬಟ್ಟೆ ಹಿಡಿದೆ. ಸುಮ್ಮನೆ.

ಈ ಕೈ ಮಗುವಿಗೆ ಲಸಿಕೆ ಹಾಕುವ ಕೈ. ಊರಿಗೆ ಗೊತ್ತಾದರೆ ಯಾವ ತಾಯಿ ಮಗುವನ್ನು ನನ್ನ ಮಡಿಲಿಗೆ ಕೊಡುತ್ತಾಳೆ? ಮಾತ್ರೆ ಶುರುವಾದರೆ ಹರಡುವುದಿಲ್ಲ ಎಂದು ಎಲ್ಲರಿಗೂ ಹೇಳಿದವಳು ನಾನೇ. ಬೇರೆಯವರಿಗೆ ಹೇಳುವಾಗ ಎಷ್ಟು ಸುಲಭವಾಗಿತ್ತು. ಹೆದರಿಕೆಯಾಗುತ್ತಿದೆ. ಯಾಕೆ ಹೆದರಬೇಕು, ಏನೂ ಇಲ್ಲ.

ಫೆಬ್ರವರಿ 1, ಭಾನುವಾರ

ಹತ್ತು ಗಂಟೆಗೆ ಮುತ್ತಮ್ಮ ಬಂದಳು. ಒಂದು ಕೈಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿ, ಇನ್ನೊಂದರಲ್ಲಿ ದೇವರ ಮುಂದೆ ಹಚ್ಚುವ ಹತ್ತಿಯ ಹೂಬತ್ತಿ. ಬೈಗುಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು, ನನ್ನಲ್ಲಿ ಬೈಗುಳ ಉಳಿದಿರಲಿಲ್ಲ.

“ಬೆನ್ನಿಗೆ ಎಣ್ಣೆ ಹಚ್ಚೋರು ಯಾರೂ ಇಲ್ಲ ಅಂತ ಅವತ್ತು ಬಸ್ಸಲ್ಲಿ ಹೇಳಿದ್ರಿ. ಕೂತ್ಕೊಳ್ಳಿ.”

ಹೇಳಿದ್ದೆನಂತೆ. ನೆಲದ ಮೇಲೆ ಕೂತೆ. ಬೆನ್ನಿಗೆ ಹಚ್ಚಿದಳು, ನೆತ್ತಿಗೆ ತಟ್ಟಿದಳು. ಪುಟ್ಟ ಹುಡುಗಿಯ ಹಾಗೆ ಅತ್ತುಬಿಡುತ್ತೇನೆಂದು ತುಟಿ ಕಚ್ಚಿ ಹಿಡಿದೆ. ಎಡ ತೋಳಿನ ಹಿಂಭಾಗಕ್ಕೆ ಬಂದಾಗ ಅವಳ ಕೈ ನಿಂತಿತು. ನನ್ನ ಕಣ್ಣಿಗೆ ಎಂದೂ ಕಾಣದ ಜಾಗ ಅದು. ಅಮ್ಮನಾದರೆ ಅವತ್ತೇ ಲೆಕ್ಕ ಕೇಳುತ್ತಿದ್ದಳು.

“ಕಣ್ಣು ಮುಚ್ಚಿ ಸಿಸ್ಟರಮ್ಮ. ಮುಟ್ಟಿದ ಕಡೆ ಬೆರಳಿಟ್ಟು ತೋರ್ಸಿ,” ಅಂದಳು. ನನ್ನದೇ ದನಿ. ಈ ಸಲ ಅಣಕವಿರಲಿಲ್ಲ.

ಕಣ್ಣು ಮುಚ್ಚಿದೆ. ಬಲ ಭುಜ, ತೋರಿಸಿದೆ. ಕತ್ತು, ತೋರಿಸಿದೆ. ಬಲ ಮುಂಗೈ, ತೋರಿಸಿದೆ. ಆಮೇಲೆ ಅವಳು ತಡಮಾಡಿದಳು. ಬೆರಳು ಎತ್ತಿ ಹಿಡಿದುಕೊಂಡು ಕಾದೆ. ಹೊರಗೆ ಯಾರದೋ ಜೀಪು ಹೋಯಿತು. ಇನ್ನೂ ಕಾದೆ.

“ಮುಟ್ಟು ಮುತ್ತಮ್ಮ,” ಅಂದೆ.

ಕಣ್ಣು ತೆರೆದೆ. ಹೂಬತ್ತಿ ನನ್ನ ಎಡ ಮೊಣಕೈಯ ಹಿಂದೆಯೇ ಇತ್ತು, ಅವಳು ಇನ್ನೂ ಮುಟ್ಟುತ್ತಲೇ ಇದ್ದಳು.

ಅವಳು ಹೂಬತ್ತಿ ಕೆಳಗಿಟ್ಟು ಪಕ್ಕಕ್ಕೆ ಸರಿದು ಕೂತಳು. “ಈಗ ಬಂದಿದ್ದಕ್ಕೆ ಉಳೀತದೆ,” ಅಂದಳು. “ಯಾರಿಗೂ ಹೇಳಲ್ಲ.” ನನ್ನ ಭುಜದ ಮೇಲೆ ಅವಳ ಬಲಗೈ ಇತ್ತು. ಅದರ ಬಿಸಿ ನನಗೆ ಗೊತ್ತಾಗುತ್ತಿತ್ತು. ಅವಳಿಗೆ ನನ್ನದು ಎಷ್ಟು ಗೊತ್ತಾಗುತ್ತಿತ್ತೋ.

ನಾಳೆ ಏಳೂಕಾಲರ ಬಸ್ಸಿಗೆ ಮೂಡಿಗೆರೆ. ಬೇಡವೆಂದರೂ ಒಂದು ದಿನದ ಕೆಲಸ ಬಿಟ್ಟು ಜೊತೆಗೆ ಬರುತ್ತಾಳಂತೆ.

ಅವಳು ಹೋದ ಮೇಲೆ ರಿಜಿಸ್ಟರ್ ತೆಗೆದೆ. ಇನ್ನೂರ ಹನ್ನೆರಡನೆಯ ಮನೆ. ‘ಮಚ್ಚೆ: ಇಲ್ಲ’ ಎಂಬುದನ್ನು ಹೊಡೆದು ‘ಇದೆ, ಸ್ಪರ್ಶವಿಲ್ಲ’ ಎಂದು ಬರೆದೆ. ಕೊನೆಯ ಕಾಲಂನಲ್ಲಿ ನನ್ನ ಹೆಸರಿನ ಮೇಲೂ ಗೆರೆ ಎಳೆದೆ. ಇನ್ನೂರ ಹನ್ನೊಂದು ಮನೆಗೂ ಒಂದೇ ಹೆಸರಿದೆ, ಮೇಲಿನವರು ಕೇಳಿದರೆ ಕೇಳಲಿ. ಪರೀಕ್ಷಿಸಿದವರು: ಮುತ್ತಮ್ಮ.